ಖಡ್ಗ ಹಿಡಿಯದ ಗುರು ಎಲ್ಲಿ ನಿಲ್ಲಬೇಕು?

ಕ್ರೈಸ್ತ ಪಾದ್ರಿಗಳೂ ಸನ್ಯಾಸಿಗಳೂ ಯಾವ ಯುದ್ಧವನ್ನೂ ಒಪ್ಪದ ಶಾಂತಿವಾದಿಗಳಾಗಿರಬೇಕೇ? ಈ ಪ್ರಶ್ನೆ ಹಳೆಯದು. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಕೊಟ್ಟ ಉತ್ತರ ಜಾಣತನದ್ದು. ನ್ಯಾಯವಾದ ಯುದ್ಧ ಪಾಪವಲ್ಲ. ಆದರೆ ಬಲಿಪೀಠದ ಮುಂದೆ ನಿಲ್ಲುವವನು ರಕ್ತ ಚೆಲ್ಲಬಾರದು. ಹೋರಾಡುವವರಿಗೆ ಉಪದೇಶ ಮಾಡಿ ಹುರಿದುಂಬಿಸಲು ಮಾತ್ರ ಅಡ್ಡಿಯಿಲ್ಲ!

ಬಸವಕಲ್ಯಾಣದ ನೆಲದಲ್ಲಿ ನಿಂತು ಕೇಳಿದರೆ ಇದೇ ಪ್ರಶ್ನೆ ಹೆಚ್ಚು ಕಠಿಣವಾಗುತ್ತದೆ. ಗಿರೀಶ್ ಕಾರ್ನಾಡರ 'ತಲೆದಂಡ'ವನ್ನು (1990) ನಾವು ಮತ್ತೆ ಓದಿದ್ದು ಈ ದೃಷ್ಟಿಯಿಂದ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗುತ್ತದೆ. ತಂದೆಯರಿಬ್ಬರಿಗೂ ಘೋರ ಮರಣದಂಡನೆ. ಆಗ ಶರಣರ ಮುಂದೆ ಎರಡು ದಾರಿ: ಬಸವಣ್ಣನ ಅಹಿಂಸೆ, ಜಗದೇವನ ಸೇಡು. ಬಿಜ್ಜಳನ ಕೊಲೆಯಾಗುತ್ತದೆ, ಶರಣರ ಹತ್ಯಾಕಾಂಡವೂ ನಡೆಯುತ್ತದೆ. ಬಸವಣ್ಣನ ಅಹಿಂಸೆ ಗೆದ್ದಿತೆಂದು ಕಾರ್ನಾಡರು ಸುಳ್ಳು ಸಮಾಧಾನ ಹೇಳುವುದಿಲ್ಲ. ಇದು ನಾಟಕದ ದೊಡ್ಡ ಪ್ರಾಮಾಣಿಕತೆ.

ಆದರೂ ನಮ್ಮದೊಂದು ತಕರಾರಿದೆ. ಬಸವಣ್ಣನವರು ಕಾಡಿಗೆ ಹೋದ ಸನ್ಯಾಸಿಯಲ್ಲ. ಸಂಸಾರಿ, ಬಿಜ್ಜಳನ ಭಂಡಾರಿ. ಅರಸನ ಸೈನ್ಯ ಉಣ್ಣುತ್ತಿದ್ದುದೂ ಅದೇ ಬೊಕ್ಕಸದಿಂದ. ಮಠದ ಗೋಡೆಯೊಳಗೆ ಕುಳಿತವನ ಅಹಿಂಸೆಗಿಂತ ಇಂಥವರ ಅಹಿಂಸೆ ಎಷ್ಟೋ ಪಾಲು ಕಷ್ಟದ್ದು. ನಾಟಕ ಇದನ್ನು ಮುಟ್ಟಿದರೂ ಕೊನೆಗೆ ಬಸವಣ್ಣನ ಒಳಗಿನ ನೋವಾಗಿಸಿಬಿಡುತ್ತದೆ. ಜಗದೇವನಂಥ ಯುವಕರನ್ನು ಗುರುವಾದವನು ಹೇಗೆ ತಡೆಯಬೇಕಿತ್ತೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಕಲ್ಯಾಣದ ಶರಣರ ಶತಮಾನದಲ್ಲೇ ಯೂರೋಪಿನಲ್ಲಿ ಕ್ಲೇರ್ವೋ ಮಠದ ಬರ್ನಾರ್ಡ್ ಎಂಬ ಸನ್ಯಾಸಿಯಿದ್ದ. 1129ರಲ್ಲಿ ಟೆಂಪ್ಲರ್ ಎಂಬ ಖಡ್ಗಧಾರಿ ಸನ್ಯಾಸಿಗಳ ಪಂಥಕ್ಕೆ ಚರ್ಚಿನ ಮನ್ನಣೆ ಸಿಗಲು ಆತ ನೆರವಾದ. 1146ರಲ್ಲಿ ಎರಡನೇ ಶಿಲುಬೆ ಯುದ್ಧಕ್ಕೆ ಜನರನ್ನು ಹೊರಡಿಸಿದ. ಆದರೆ ರಾಡುಲ್ಫ್ ಎಂಬ ಸನ್ಯಾಸಿ ರೈನ್ ನದೀತೀರದಲ್ಲಿ ಯಹೂದಿಗಳ ಕೊಲೆಗೆ ಪ್ರಚೋದಿಸಿದಾಗ, ಸ್ವತಃ ಹೋಗಿ ಅವನ ಬಾಯಿ ಮುಚ್ಚಿಸಿ ಮಠಕ್ಕೆ ಅಟ್ಟಿದವನೂ ಇದೇ ಬರ್ನಾರ್ಡ್. ಅವನ ಕೈಯಲ್ಲಿ ಖಡ್ಗವಿರಲಿಲ್ಲ, ನಿಜ. ಆದರೆ ಅವನನ್ನು ಅಳೆಯಲು ಆ ಒಂದು ಮಾತು ಸಾಕೇ?

ಸಿರಿಯಾಕ್ಕೆ ಹೊರಟ ಸೈನ್ಯಕ್ಕೆ ಹಝ್ರತ್ ಅಬೂಬಕ್ಕರ್(ರ) ನೀಡಿದ ಆದೇಶವನ್ನು ನಮ್ಮ ಓದುಗರು ಬಲ್ಲರು. ಆರಾಧನೆಗಾಗಿ ಏಕಾಂತದಲ್ಲಿರುವವರನ್ನು ಮುಟ್ಟಬಾರದು ಎಂಬುದು ಅದರಲ್ಲಿದೆ. ಆಯುಧವಿಲ್ಲದ ಸನ್ಯಾಸಿಗೆ ಇಸ್ಲಾಮ್ ಕೊಟ್ಟ ರಕ್ಷಣೆಯಿದು. ಖಡ್ಗ ಹಿಡಿದ ಟೆಂಪ್ಲರ್ ತಾನು ಮಾತ್ರ ಆ ಆಸರೆ ಕಳೆದುಕೊಳ್ಳಲಿಲ್ಲ. ಮಠಕ್ಕೆ ಓಡಿಬಂದವರ ಆಸರೆಯನ್ನೂ ಕಳೆದ.

ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಗುರುಪೀಠಗಳಿಗೆ ಕೊರತೆಯಿಲ್ಲ. ದರ್ಗಾಗಳಿವೆ, ಶರಣರ ಗವಿಗಳಿವೆ, ಮೆಥಡಿಸ್ಟ್ ಚರ್ಚಿದೆ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮಾಣಿಕಪ್ರಭುಗಳ ಮಾಣಿಕನಗರವಿದೆ. ಇದೇ ಸೀಮೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ಕೊಲೆಗಡುಕತನ ಮೆರೆದರು. ಅದನ್ನು ಮುಸ್ಲಿಮರು ಮುಚ್ಚಿಡಬೇಕಾಗಿಲ್ಲ. ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಮುಸ್ಲಿಮರ ಮಾರಣಹೋಮ ನಡೆಯಿತು. ಸುಂದರಲಾಲ್ ಸಮಿತಿ ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದೆಂದು ಬರೆಯಿತು. ಆ ವರದಿ ದಶಕಗಟ್ಟಲೆ ಸರಕಾರದ ಕಪಾಟಿನಲ್ಲಿತ್ತು.

ಅದೇ ವರದಿ ನೆರೆಯ ಮುಸ್ಲಿಮರನ್ನು ಪ್ರಾಣದ ಹಂಗು ತೊರೆದು ಕಾಪಾಡಿದ ಹಿಂದೂಗಳನ್ನೂ ದಾಖಲಿಸಿದೆ. ಅವರಲ್ಲಿ ಅದು ಎತ್ತಿ ಹೇಳುವುದು ನೇಕಾರರನ್ನು. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಮ್ ನೇಕಾರರ ಪರವಾಗಿ ತಮ್ಮವರನ್ನೇ ಎದುರಿಸಿ ನಿಂತರು, ಕೆಲವರು ಸತ್ತರು. ಒಂದೇ ಕಾಯಕದವರೆಂಬ ನಂಟು ಅವರನ್ನು ಅಲ್ಲಿ ನಿಲ್ಲಿಸಿತ್ತು.