ಧೂಳಿನೂರಿನ ಫ್ಯಾನು

ಜತ್ತ ತಾಲೂಕಿನ ಸಂಖದಂಥ ಬಯಲುಸೀಮೆಯ ಊರಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಇಬ್ಬರು ವೈರಿಗಳು: ಬಿಸಿಲು, ಧೂಳು. ಇವರಿಬ್ಬರ ಜೊತೆ ದಿನವಿಡೀ ಸೆಣಸುವುದು 120 ಮಿ.ಮೀ. ಅಗಲದ, 12 ವೋಲ್ಟಿನ ಒಂದು ಫ್ಯಾನು. ಅಗ್ಗದ್ದಾದರೂ ಇದರಷ್ಟು ಪ್ರಾಮಾಣಿಕ ಭಾಗ ಆ ಪೆಟ್ಟಿಗೆಯಲ್ಲಿ ಇನ್ನೊಂದಿಲ್ಲ. ಸಾಮಾನ್ಯವಾಗಿ ಗೊರಗೊರ ಎಂದು ಮೊದಲೇ ಹೇಳಿ ಆಮೇಲೆ ಕೆಡುತ್ತದೆ.

ಹಳೆಯ 80 ಮಿ.ಮೀ. ಫ್ಯಾನು ಅಷ್ಟೇ ಗಾಳಿ ತಳ್ಳಲು ಇನ್ನೂ ಜೋರಾಗಿ ತಿರುಗಬೇಕು, ಅದಕ್ಕೇ ಕಿರುಚುತ್ತದೆ. ದೊಡ್ಡದಕ್ಕೆ ಆ ಅವಸರವಿಲ್ಲ. ನನಗೆ ಬಹಳ ಹಿಡಿಸುವುದು ಗಾಳಿಯ ಲೆಕ್ಕ. ಫ್ಯಾನಿನ ಅಡ್ಡಕಡ್ಡಿಗಳಿರುವ ಬದಿಯಿಂದ ಸಾಮಾನ್ಯವಾಗಿ ಗಾಳಿ ಹೊರಬರುತ್ತದೆ. ಪೆಟ್ಟಿಗೆಯ ಮುಂದೆ ಜಾಲರಿ ಹಾಕಿ, ಹೊರಹೋಗುವುದಕ್ಕಿಂತ ಒಳಬರುವ ಗಾಳಿ ತುಸು ಹೆಚ್ಚಿರುವಂತೆ ಫ್ಯಾನು ಕೂಡಿಸಿದರೆ ಸಂದಿಗೊಂದಿಗಳಿಂದ ಧೂಳು ನುಸುಳುವುದು ಕಡಿಮೆಯಾಗುತ್ತದೆ. ಮುಂಭಾಗಕ್ಕೆ ಬರೀ ಗಾಜು ಹಚ್ಚಿ ಬಣ್ಣದ ದೀಪ ಉರಿಸುವ ಕೇಸು ಈ ಸೀಮೆಗೆ ತಕ್ಕದ್ದಲ್ಲ, ಕ್ಷಮಿಸಿ.

ಕೂತ ಧೂಳು ತೆಗೆಯಲು ಬ್ಲೋವರ್ ಹೊಡೆಯುವಾಗ ರೆಕ್ಕೆಗಳನ್ನು ಬೆರಳಿನಿಂದ ಹಿಡಿದಿರಬೇಕು; ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾದೀತು. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಮಾತ್ರ ಬೇರೆ ಜಾತಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕ ವಿದ್ಯುತ್ ಉಳಿದಿರಬಹುದು. ಅದರ ಫ್ಯಾನು ನಿಂತರೆ ನೀವೇ ಬಿಚ್ಚಲು ಹೋಗಬೇಡಿ, ಬಲ್ಲವರ ಕೈಗೆ ಕೊಡಿ. ಹೊಸ ಎಸ್‌ಎಂಪಿಎಸ್ ಕೊಳ್ಳುವಾಗ ಡಬ್ಬಿಯ ಮೇಲಿನ ದಪ್ಪಕ್ಷರದ ವ್ಯಾಟ್ ನಂಬದೆ, ಪಕ್ಕದ ಪಟ್ಟಿಯಲ್ಲಿ 12 ವೋಲ್ಟಿನ ಸಾಲಿಗೆ ಎಷ್ಟು ಆಂಪಿಯರ್ ಇದೆಯೆಂದು ನೋಡಿ.