ಶಾಸನಗಳ ಗಣಕೀಕರಣ ಮತ್ತು ಶ್ರಾವಕರ ಹೊಣೆ

ಪ್ರಾಚೀನ ಶಿಲಾಶಾಸನಗಳನ್ನು ಗಣಕಯಂತ್ರದಲ್ಲಿ ದಾಖಲಿಸುವ ಕಾರ್ಯವು ನಾಡಿನಲ್ಲಿ ಆರಂಭವಾಗಿರುವುದು ಹರ್ಷದ ಸಂಗತಿ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆ ನಗರದ ಸುತ್ತಣ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಸಿದ್ಧಪಡಿಸಲು ತೊಡಗಿತು. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಇದರಿಂದ ಓದಲು ದೊರೆಯುತ್ತವೆ. ಆದರೆ ಅಕ್ಷರ ಉಳಿದ ಮಾತ್ರಕ್ಕೆ ಇತಿಹಾಸವೂ ಉಳಿಯುವುದೇ ಎಂಬುದು ವಿಚಾರಾರ್ಹ.

ಶ್ರವಣಬೆಳಗೊಳದ ಭಂಡಾರಿ ಬಸದಿಯ 1368ರ ಶಾಸನವನ್ನು ನಿದರ್ಶನವಾಗಿ ಪರಿಶೀಲಿಸಬಹುದು. ಇದು ಬುಕ್ಕರಾಯನ ಹೆಸರಿನಿಂದಲೇ ಪ್ರಸಿದ್ಧ. ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ ವಿವಾದವನ್ನು ಅರಸನು ಪರಿಹರಿಸಿದುದು ಸರ್ವವಿದಿತ. ಆದರೆ ಅರಸನಿಗೆ ಬಿನ್ನಹ ಮಾಡಿದವರು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಸ್ಥಳಗಳ ಭವ್ಯಜನರು. ಆ ಕಾಲದ ಪಟ್ಟಣಗಳಲ್ಲಿ ಜೈನ ಸಮಾಜವು ಹೇಗೆ ಹರಡಿತ್ತೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

ತೀರ್ಪಿನ ಹಣಕಾಸಿನ ಏರ್ಪಾಡೂ ಗಮನಾರ್ಹ. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ, ಬೆಳಗೊಳದ ದೇವರ ಕಾವಲಿಗೆ 20 ಜನರನ್ನು ನೇಮಿಸಿ, ಮಿಕ್ಕ ದ್ರವ್ಯದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂಬುದು ಕಟ್ಟಳೆ. ಇದರ ಹೊಣೆ ವೈಷ್ಣವರಾದ ತಿರುಮಲೆಯ ತಾತಯ್ಯನವರದು. ಅವರನ್ನು ಕರೆತಂದು ಜೀರ್ಣೋದ್ಧಾರ ಮಾಡಿಸಿದವನು ಕಲ್ಲೆಹದ ಬುಸುವಿಸೆಟ್ಟಿ. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದು ಶಾಸನದ ಕೊನೆಯ ಭಾಗ ತಿಳಿಸುತ್ತದೆ.

ಇದೇ ಶಾಸನದ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ಈ ಕಲ್ಯವೇ ಅಂದಿನ ಕಲ್ಲೆಹ. ಕಲ್ಲು ನಿಂತ ನೆಲೆಯನ್ನು ಬಿಟ್ಟು ಬರಹವನ್ನಷ್ಟೇ ದಾಖಲಿಸಿದರೆ ಎರಡನೆಯದು ಬರಿಯ ಪುನರುಕ್ತಿಯಾಗಿ ತೋರುವುದು. ಅರಸನ ಹೆಸರಿನಿಂದ ಮಾತ್ರ ಹುಡುಕುವ ಸೂಚಿಯಲ್ಲಿ ಸೆಟ್ಟಿಯೂ ಅವನ ಊರೂ ಮರೆಯಾಗುವವು. ಆದುದರಿಂದ ಊರು, ವೃತ್ತಿ, ನಾಣ್ಯ, ದತ್ತಿ, ದಾನಿ ಇವೆಲ್ಲವೂ ಸೂಚಿಯಲ್ಲಿ ಸೇರದಿದ್ದರೆ ಆ ಕಾರ್ಯ ಅಪೂರ್ಣವೇ ಸರಿ.

ಶೋಧನೆಯೂ ಮುಗಿದಿಲ್ಲ. ಬೆಳಗೊಳದ ಶಾಸನ ಸಂಪುಟದಲ್ಲಿ 1889ರಲ್ಲಿ 144 ಶಾಸನಗಳಿದ್ದವು. 1923ರಲ್ಲಿ 500, 1973ರಲ್ಲಿ 573 ಆದವು. ಬಸದಿಯ ಗೋಡೆಗೆ ಬಣ್ಣ ಬಳಿಯುವ, ಸಿಮೆಂಟು ಮೆತ್ತುವ, ಜೀರ್ಣೋದ್ಧಾರದಲ್ಲಿ ಕಲ್ಲನ್ನು ಕಿತ್ತಿಡುವ ಮುನ್ನ ಆಡಳಿತ ಮಂಡಳಿಗಳು ಇದನ್ನು ನೆನೆಯಬೇಕು. ನಾಶವಾದ ಮೇಲೆ ಯಂತ್ರವು ಏನನ್ನು ತಾನೆ ದಾಖಲಿಸೀತು?

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಪರಂಪರೆ ನಮ್ಮದು. ಬಸದಿಯ ಶಾಸನಗಳನ್ನು ಸುರಕ್ಷಿತವಾಗಿರಿಸಿ, ಅವುಗಳ ಪ್ರತಿ ತೆಗೆಯಲು ವಿದ್ವಾಂಸರಿಗೆ ಸಮ್ಮತಿಸಿ, ಆ ಪ್ರತಿಗಳನ್ನು ಎಲ್ಲರಿಗೂ ಮುಕ್ತವಾಗಿಡುವುದು ಇಂದಿನ ಶಾಸ್ತ್ರದಾನವಾಗಿದೆ.