ಫಲಿಸದೆಂಬ ವಾದ ಸಾಲದು

ತಪಸ್ಸುಕಾಲದ ಒಂದು ಸಂಜೆ, ಶಿಲುಬೆಹಾದಿಯ ಪ್ರಾರ್ಥನೆ ಮುಗಿದ ಬಳಿಕ ಒಬ್ಬ ತಾಯಿ ನನ್ನ ಬಳಿ ಬಂದರು. ಅವರ ತಂದೆ ಪಾರ್ಕಿನ್ಸನ್ ಕಾಯಿಲೆಯಿಂದ ನಡುಗುವ ಕೈಯಲ್ಲಿ ಲೋಟವನ್ನೂ ಹಿಡಿಯಲಾರರು. “ಫಾದರ್, ಭ್ರೂಣದಿಂದ ತೆಗೆದ ಕೋಶಗಳ ಚಿಕಿತ್ಸೆ ಫಲಿಸುವುದಿಲ್ಲವೆಂದು ನೀವೇ ಪ್ರಬೋಧನೆಯಲ್ಲಿ ಹೇಳಿದ್ದಿರಿ. ಈಗ ಫಲಿಸುತ್ತಿದೆಯೆಂದು ಓದಿದೆ. ಹಾಗಾದರೆ ಧರ್ಮಸಭೆಯ ಮಾತು ತಪ್ಪಾಯಿತೇ?” ಎಂದು ಕೇಳಿದರು. ಉತ್ತರಿಸುವ ಮೊದಲು ನಾನು ‘ದಿಗ್ನಿತಾಸ್ ಪರ್ಸೋನೆ’ ಎಂಬ ಬೋಧನಾಪತ್ರವನ್ನು ಮತ್ತೊಮ್ಮೆ ಓದಬೇಕಾಯಿತು. ತಪ್ಪು ಪತ್ರದಲ್ಲಿದೆಯೋ, ಅದನ್ನು ಬೋಧಿಸಿದ ನನ್ನಂಥವರಲ್ಲಿದೆಯೋ ಎಂಬ ವಿಚಾರಣೆಯೇ ಈ ಬರಹ.

‘ವ್ಯಕ್ತಿಯ ಘನತೆ’ ಎಂಬ ಅರ್ಥದ ಈ ಪತ್ರವನ್ನು ಹದಿನಾರನೇ ಬೆನೆಡಿಕ್ಟ್ ಜಗದ್ಗುರುಗಳ ಸಮ್ಮತಿಯೊಂದಿಗೆ ಪವಿತ್ರ ಪೀಠವು 2008ರ ಡಿಸೆಂಬರಿನಲ್ಲಿ ಪ್ರಕಟಿಸಿತು. 1987ರ ‘ದೋನುಮ್ ವೀತೇ’ ಪತ್ರದ ಬೋಧನೆಯನ್ನು ಇದು ಹೊಸ ಪ್ರಶ್ನೆಗಳಿಗೆ ವಿಸ್ತರಿಸಿತು. ಅವುಗಳಲ್ಲೊಂದು ಆಕರಕೋಶಗಳ ಪ್ರಶ್ನೆ. ವೈದ್ಯರು ಸ್ಟೆಮ್ ಸೆಲ್ ಎಂದು ಕರೆಯುವ ಈ ಕೋಶವು ತನ್ನಂಥ ಕೋಶಗಳನ್ನು ಹೆಚ್ಚಿಸಿಕೊಳ್ಳುತ್ತಲೇ ರಕ್ತ, ನರ, ಸ್ನಾಯುಗಳ ಕೋಶವಾಗಿಯೂ ಮಾರ್ಪಡಬಲ್ಲದು. ಅದು ವಯಸ್ಕರ ಅಸ್ಥಿಮಜ್ಜೆಯಲ್ಲಿದೆ, ಹೊಕ್ಕುಳಬಳ್ಳಿಯ ರಕ್ತದಲ್ಲಿದೆ, ಕೆಲವೇ ದಿನಗಳ ಭ್ರೂಣದಲ್ಲಿಯೂ ಇದೆ. ದಾನಿಗೆ ಗಂಭೀರ ಹಾನಿಯಾಗದಂತೆ ಪಡೆದದ್ದು ಧರ್ಮಸಮ್ಮತ. ಜೀವಂತ ಭ್ರೂಣದಿಂದ ತೆಗೆದರೆ ಭ್ರೂಣವು ನಾಶವಾಗುವುದರಿಂದ ಅದು ಸಮ್ಮತವಲ್ಲ. ಇದು ಪತ್ರದ ತೀರ್ಪು.

ಆದರೆ ಅದೇ ಭಾಗದಲ್ಲಿ ಇನ್ನೊಂದು ಮಾತೂ ಇದೆ. ವಯಸ್ಕ ಕೋಶಗಳಿಗೆ ಭ್ರೂಣಕೋಶಗಳಷ್ಟು ಮಾರ್ಪಡುವ ಶಕ್ತಿ ಇರುವಂತೆ ಕಾಣದಿದ್ದರೂ ಅವೇ ಹೆಚ್ಚು ಸತ್ಫಲ ನೀಡುತ್ತಿವೆ ಎಂಬುದು ಅದರ ಸಾರ. ಅಂದಿಗೆ ಅದು ನಿಜವೇ ಆಗಿತ್ತು. ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆಯ ಕಸಿ ದಶಕಗಳಿಂದ ನಡೆಯುತ್ತಿತ್ತು. ಭ್ರೂಣಕೋಶಗಳ ಚಿಕಿತ್ಸೆಯಾದರೋ ಇನ್ನೂ ಪ್ರಯೋಗಾಲಯವನ್ನು ದಾಟಿರಲಿಲ್ಲ. ಪತ್ರವು ತನ್ನ ತೀರ್ಪನ್ನು ಈ ಮಾತಿನ ಮೇಲೆ ನಿಲ್ಲಿಸಲಿಲ್ಲ. ನಿಲ್ಲಿಸಿದವರು ನಾವು. ಭ್ರೂಣದ ಘನತೆಯನ್ನು ವಿವರಿಸುವುದು ಕಷ್ಟ. ‘ಅದರಿಂದ ಯಾರೂ ಗುಣವಾಗಿಲ್ಲ’ ಎನ್ನುವುದು ಸುಲಭ. ಸುಲಭವಾದುದನ್ನೇ ಆರಿಸಿಕೊಂಡವರಲ್ಲಿ ನಾನೂ ಒಬ್ಬ.

ಆ ಸುಲಭದ ಆಸರೆ ಈಗ ಕುಸಿಯುತ್ತಿದೆ. 2025ರ ಏಪ್ರಿಲಿನಲ್ಲಿ ‘ನೇಚರ್’ ಪತ್ರಿಕೆಯು ಪಾರ್ಕಿನ್ಸನ್ ರೋಗಿಗಳ ಮಿದುಳಿಗೆ ನರಕೋಶಗಳನ್ನು ಕಸಿಮಾಡಿದ ಎರಡು ಪ್ರಯೋಗಗಳ ವರದಿಯನ್ನು ಪ್ರಕಟಿಸಿತು. ಜಪಾನಿನ ಕ್ಯೋಟೋದಲ್ಲಿ 7 ರೋಗಿಗಳಿಗೆ ನೀಡಿದ್ದು ವಯಸ್ಕರ ಕೋಶಗಳನ್ನೇ ಭ್ರೂಣಸದೃಶ ಸ್ಥಿತಿಗೆ ಹಿಂದಿರುಗಿಸಿ ಪಡೆದ ಕೋಶಗಳು. ಶಿನ್ಯಾ ಯಮನಾಕ 2006ರಲ್ಲಿ ಇಲಿಗಳಲ್ಲಿ, 2007ರಲ್ಲಿ ಮಾನವ ಕೋಶಗಳಲ್ಲಿ ಸಾಧಿಸಿ ತೋರಿಸಿದ ಈ ವಿಧಾನಕ್ಕೆ 2012ರಲ್ಲಿ ನೊಬೆಲ್ ಬಹುಮಾನ ಬಂದಿತು. ಇದರಲ್ಲಿ ಭ್ರೂಣನಾಶವಿಲ್ಲ. ಉತ್ತರ ಅಮೆರಿಕದಲ್ಲಿ 12 ರೋಗಿಗಳಿಗೆ ನೀಡಿದ್ದು ಮಾತ್ರ 1998ರಲ್ಲಿ ಜೇಮ್ಸ್ ಥಾಮ್ಸನ್ ಭ್ರೂಣಗಳಿಂದ ಬೆಳೆಸಿದ ಕೋಶಸಂತತಿಗಳಲ್ಲೊಂದರಿಂದ ಬಂದುದು. ಎರಡರಲ್ಲಿಯೂ ಗಡ್ಡೆಗಳು ಬೆಳೆಯಲಿಲ್ಲ. ಎರಡರಲ್ಲಿಯೂ ಕೆಲವರ ಚಲನೆ ಸುಧಾರಿಸಿತು. ಇವು ಸುರಕ್ಷತೆಯನ್ನು ಪರೀಕ್ಷಿಸುವ ಚಿಕ್ಕ ಪ್ರಯೋಗಗಳು, ಗುಣದ ಭರವಸೆಯಲ್ಲ. ಆದರೂ ಭ್ರೂಣಕೋಶದಿಂದ ಎಂದಿಗೂ ಫಲವಿಲ್ಲವೆಂದು ಇನ್ನು ಹೇಳಲಾಗದು.

ನಮ್ಮ ಸುಲಭವಾದದಿಂದ ಎರಡು ಹಾನಿಗಳಾದವು. ಫಲ ಕಂಡೊಡನೆ ಬೋಧನೆಯೇ ಬಿದ್ದಿತೆಂಬ ಗಲಿಬಿಲಿ ಮೊದಲನೆಯದು. ಆ ತಾಯಿಯ ಪ್ರಶ್ನೆಯಲ್ಲಿದ್ದುದು ಅದೇ. ಎರಡನೆಯದು ಇನ್ನೂ ನೋವಿನದು. ‘ವಯಸ್ಕ ಕೋಶವೆಂದರೆ ಒಳ್ಳೆಯದು’ ಎಂದು ಕೇಳಿದ ಕುಟುಂಬಗಳು, ಆ ಹೆಸರಿನಲ್ಲಿ ಮಾರುವುದೆಲ್ಲವೂ ಚಿಕಿತ್ಸೆಯೆಂದು ನಂಬಿದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಾದರೋ ರಕ್ತಸಂಬಂಧಿ ಕಾಯಿಲೆಗಳಂಥ ಅಂಗೀಕೃತ ಬಳಕೆಗಳ ಹೊರಗೆ ಆಕರಕೋಶಗಳನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಬಳಸಬೇಕೆನ್ನುತ್ತದೆ. ಮಗುವಿನ ನರದೌರ್ಬಲ್ಯಕ್ಕಾಗಿ ಒಡವೆ ಅಡವಿಟ್ಟು ಇಂಥ ಚುಚ್ಚುಮದ್ದು ಕೊಡಿಸುವ ತಂದೆತಾಯಿಗಳಿಗೆ ಈ ಎಚ್ಚರಿಕೆಯನ್ನು ನಾವು ಹೇಳಬೇಕಿತ್ತು.

ಪತ್ರದಲ್ಲಿಯೂ ಒಂದು ಕೊರತೆಯಿದೆ. ಬೇರೆಯವರು ನಾಶಮಾಡಿದ ಭ್ರೂಣದ ಕೋಶವನ್ನು ಬಳಸುವುದೂ ಕೆಡುಕಿನಲ್ಲಿ ಪಾಲುಗೊಳ್ಳುವ ಗಂಭೀರ ಪ್ರಶ್ನೆಯನ್ನೊಡ್ಡುತ್ತದೆಂದು ಅದು ಸಂಶೋಧಕರಿಗೆ ನೇರವಾಗಿ ನುಡಿಯುತ್ತದೆ. ಅಕ್ರಮ ಮೂಲದ ಕೋಶಗಳಿಂದ ತಯಾರಾದ ಲಸಿಕೆಯ ವಿಷಯದಲ್ಲಿ, ಮಗುವಿನ ಆರೋಗ್ಯಕ್ಕೆ ಅಪಾಯವಿದ್ದಾಗ ತಂದೆತಾಯಿಗಳು ಅದನ್ನು ಬಳಸಬಹುದು, ಆದರೆ ತಮ್ಮ ಅಸಮ್ಮತಿಯನ್ನು ತಿಳಿಸಿ ಬೇರೆ ಲಸಿಕೆ ಕೇಳಬೇಕು ಎಂದು ಕರುಣೆಯಿಂದ ವಿವೇಚಿಸುತ್ತದೆ. ಹೊಣೆ ಎಲ್ಲರಿಗೂ ಸಮವಲ್ಲವೆಂಬ ಈ ವಿವೇಕವು, ಅಂಥ ಕೋಶಗಳನ್ನೇ ದೇಹದಲ್ಲಿ ಸ್ವೀಕರಿಸಬೇಕಾಗಿ ಬರುವ ರೋಗಿಗೆ ಎಷ್ಟು ಅನ್ವಯಿಸುತ್ತದೆ? ಲಸಿಕೆಯೂ ಕಸಿಯೂ ಒಂದೇ ಅಲ್ಲ. ಹಾಸಿಗೆ ಹಿಡಿದವನ ಈ ಪ್ರಶ್ನೆಗೆ ಪತ್ರ ಬಿಡಿಸಿ ಉತ್ತರಿಸುವುದಿಲ್ಲ. ಚಿಕಿತ್ಸೆ ಆಸ್ಪತ್ರೆಗೆ ಬರುವ ಮೊದಲೇ ಧರ್ಮಸಭೆ ಈ ಮಾತನ್ನು ಮುಂದುವರಿಸಬೇಕು.

ಆ ತಾಯಿಗೆ ನಾನು ಹೇಳಿದ್ದಿಷ್ಟು: “ಅಮ್ಮಾ, ಫಲಿಸುವುದಿಲ್ಲ ಎಂದದ್ದು ನನ್ನ ತಪ್ಪು. ಫಲಿಸಿದರೂ ಆ ಪುಟ್ಟ ಜೀವವನ್ನು ಸಾಧನವಾಗಿ ಬಳಸಬಾರದಿತ್ತು ಎಂಬುದೇ ಧರ್ಮಸಭೆಯ ಮಾತು. ಕೆಡುಕು ಮಾಡಿ ಒಳಿತನ್ನು ಪಡೆಯಬಾರದೆಂದು ಸಂತ ಪೌಲರು ಬೋಧಿಸಿದ್ದು ಕೆಡುಕಿನಿಂದ ಲಾಭವೇ ಇಲ್ಲವೆಂದಲ್ಲ. ಚಿಕಿತ್ಸೆಯ ಮಾತು ಬಂದಾಗ, ಈ ಕೋಶಗಳು ಎಲ್ಲಿಂದ ಬಂದವು, ಇದು ಅನುಮತಿ ಪಡೆದದ್ದೇ ಎಂದು ವೈದ್ಯರನ್ನು ಕೇಳಿ. ಕ್ಯೋಟೋದಂಥ ನಿರ್ದೋಷ ದಾರಿ ತೆರೆಯುತ್ತಿರುವುದಕ್ಕಾಗಿ ದೇವರನ್ನು ಸ್ತುತಿಸಿ.”

ಅವರು ತಲೆಯಾಡಿಸಿದರು. ಮರುದಿನ ಪರಮಪ್ರಸಾದವನ್ನು ಅವರ ಮನೆಗೆ ಕೊಂಡೊಯ್ದೆ. ಆ ಹಿರಿಯರು ನಡುಗುವ ಕೈಗಳನ್ನು ಜೋಡಿಸಲು ಬಹಳ ಹೊತ್ತು ಹಿಡಿಯಿತು; ನಾವೆಲ್ಲರೂ ಕಾದೆವು. ಪ್ರಿಯ ಓದುಗರೇ, ಭ್ರೂಣದ ಘನತೆಯನ್ನು ಕುರಿತು ಮಾತನಾಡುವ ನಾವು ಇಂಥವರ ಬಳಿಯಲ್ಲಿ ಕಾಯುವುದನ್ನೂ ಕಲಿಯಬೇಕು. ಇಲ್ಲವಾದರೆ ನಮ್ಮ ಬೋಧನೆಯನ್ನು ಅವರು ಏಕೆ ನಂಬಬೇಕು?